ಕ್ಷಮೆ ವಾಪಸ್

ಸೆಪ್ಟೆಂಬರ್ ೧, ಸೋಮವಾರ

ಬಲಗೈ: ಕೀವಿಲ್ಲ. ಎಡಗೈ: ಹೆಬ್ಬೆರಳ ಬುಡದಲ್ಲಿ ಇನ್ನೂ ಒದ್ದೆ. ಎದೆ: ಒಣಗಿದೆ, ತುರಿಕೆ ಅಂತಾರೆ. ಜ್ವರ ಇಲ್ಲ.

ಗಂಡನ ಗಾಯ ಹೇಗಿದೆ ಅಂತ ದಿನಾ ಬರೆದಿಡು ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದಾಳೆ. ಬರೆಯೋಣ, ಅದಕ್ಕೇನು. ಕಾರ್ಮಿಕ ಸಂಘದ ತರಗತಿಯಲ್ಲಿ ಕರಪತ್ರ ಬರೆಯೋದು ಕಲಿತವಳು ನಾನು. ನಾನು ಕೆಲಸ ಮಾಡುವ ಲಾಂಡ್ರಿಯ ಹಳೇ ರಿಜಿಸ್ಟರು ಸಿಕ್ಕಿದೆ. ಮುಂದೆಲ್ಲ ಹೋಟೆಲಿನ ದಿಂಬಿನ ಚೀಲ, ಆಸ್ಪತ್ರೆಯ ಹೊದಿಕೆ, ಹಿಂದೆಲ್ಲ ಖಾಲಿ ಹಾಳೆ. ಬೆಳಗ್ಗೆ ನೀರು ಕಾಯುವಷ್ಟರಲ್ಲಿ ನಾಲ್ಕು ಸಾಲು ಗೀಚಬಹುದು. ಆದರೆ ನಾಲ್ಕು ಸಾಲಿಗೆ ಪೆನ್ನು ನಿಲ್ಲುತ್ತಿಲ್ಲ. ಹೊಟ್ಟೆಯಲ್ಲಿ ಉರಿಯುತ್ತಿರುವುದಕ್ಕೆ ನರ್ಸಮ್ಮನ ಹತ್ತಿರ ಮುಲಾಮಿಲ್ಲ.

ಎಂಬತ್ತು ದಿನದ ಹಿಂದೆ ಲಾಂಡ್ರಿಯ ಬಾಯ್ಲರಿನಿಂದ ಹೊರಡುವ ಉಗಿಯ ಪೈಪು ಜೋಡಣೆಯ ಹತ್ತಿರ ಬಿರಿಯಿತು. ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಇವರು, ನನ್ನ ಗಂಡ. ಎರಡು ಕೈ, ಎದೆ, ಗದ್ದದ ಕೆಳಗೆಲ್ಲ ಸುಟ್ಟಿತು. ಬೆರಳು ಈಗಲೂ ಮಡಚುವುದಿಲ್ಲ; ಊಟ ನಾನೋ ಅತ್ತೆಯೋ ತಿನ್ನಿಸಬೇಕು. ಪೈಪು ಸುಮ್ಮನೆ ಬಿರಿಯಲಿಲ್ಲ. ಒಳಗೆ ಒತ್ತಡ ಹೆಚ್ಚಿದರೆ ತಾನಾಗಿ ತೆರೆದುಕೊಂಡು ಉಗಿ ಹೊರಬಿಡುವ ಸೇಫ್ಟಿ ವಾಲ್ವ್ ಒಂದಿದೆ. ಅದನ್ನು ತಂತಿ ಸುತ್ತಿ ಕಟ್ಟಿಹಾಕಿದ್ದರು. ಉಗಿ ಹೊರಗೆ ಹೋದರೆ ಇಸ್ತ್ರಿ ರೋಲರ್ ತಣ್ಣಗಾಗುತ್ತದೆ, ಹೋಟೆಲಿನ ಬಟ್ಟೆ ತಡವಾಗುತ್ತದೆ. ಕಟ್ಟಿಸಿದವನು ಮಾಲೀಕ. ಆಸ್ಪತ್ರೆಯ ಕಾಗದದಲ್ಲಿ ಅವನು ಬರೆಸಿದ್ದು: ಕೆಲಸಗಾರನ ಅಜಾಗರೂಕತೆ.

ಈ ಮಾಲೀಕ ನಮ್ಮ ಕ್ರೈಸ್ತ ಸಭೆಯ ಹಿರಿಯನೂ ಹೌದು. ಸಭೆಯೆಲ್ಲ ಒಂದೇ ರೊಟ್ಟಿ ಹಂಚಿಕೊಂಡು ತಿನ್ನುವ ಕರ್ತನ ಭೋಜನದ ದಿನ ರೊಟ್ಟಿಯ ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ನಡೆಯುವವನು. ಲಾಂಡ್ರಿಯ ಹೆಂಗಸರು ಇಟ್ಟಿರುವ ಹೆಸರು ಗಂಜಿ. ಅವನೊಬ್ಬನ ಕಾಲರಿಗೆ ಹಾಕುವಷ್ಟು ಗಂಜಿಯನ್ನು ನಾವು ಇಡೀ ಹೋಟೆಲಿನ ಮೇಜುಬಟ್ಟೆಗೆ ಹಾಕುವುದಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಸೊಂಟದಿಂದ ತಿರುಗುತ್ತಾನೆ.

ಇವರು ಅವನನ್ನು ಕ್ಷಮಿಸಿ ಆಗಿದೆ. ಮೊದಲ ಗ್ಲೂಕೋಸ್ ಬಾಟಲಿ ಇಳಿದು ಮುಗಿಯುವ ಮೊದಲೇ. ಗಂಡಸರಿಗೆ ಕ್ಷಮಿಸೋದು ಎಷ್ಟು ಸಲೀಸು. ಡ್ರೆಸ್ಸಿಂಗ್ ಬದಲಾಯಿಸುವವಳು ಬೇರೆ ಇರುತ್ತಾಳಲ್ಲ.

ಸೆಪ್ಟೆಂಬರ್ ೪, ಗುರುವಾರ

ಎಡಗೈ ಒಣಗುತ್ತಿದೆ.

ನನ್ನ ರೋಲರಿನ ಆ ತುದಿಯಲ್ಲಿ ನಿಂತು ಹೊದಿಕೆ ಮಡಿಸುವವಳನ್ನು ನಾವು ಮಡಿಕೆಯಕ್ಕ ಅಂತೇವೆ. ಅವಳು ಕಿವಿಯಲ್ಲಿ ಹೇಳಿದಳು: ಪೈಪು ರಿಪೇರಿ ಆಗಿದೆ, ವಾಲ್ವಿನ ತಂತಿ ಹಾಗೇ ಇದೆ. ನಂಬದೆ ಊಟದ ಬಿಡುವಿನಲ್ಲಿ ಹೋಗಿ ನೋಡಿದೆ. ಹಾಗೇ ಇಲ್ಲ. ಹಳೆಯದು ಕರಕಲಾಗಿತ್ತು, ಹೊಸದು ಹಾಕಿದ್ದಾರೆ, ಫಳಫಳ ಹೊಳೆಯುತ್ತಿದೆ. ಇವರ ಜಾಗಕ್ಕೆ ಬಂದವನು ಮೂರು ಮಕ್ಕಳ ತಂದೆ. ತಂತಿ ಯಾಕೆ ಅಂತ ಕೇಳಿದರೆ ಬಾಯ್ಲರಿಗೆ ಹೀಗೇ ಇರುತ್ತೆ ಅಂತ ಅಂದುಕೊಂಡಿದ್ದೆ ಅಂದ. ಅವನಿಗೂ ನಮಗೂ ನಡುವೆ ಒಂದು ಇಟ್ಟಿಗೆಯ ಗೋಡೆ. ಈ ಕಡೆ ನಾವು ಇಪ್ಪತ್ತಮೂರು ಹೆಂಗಸರು.

ಸೆಪ್ಟೆಂಬರ್ ೭, ಭಾನುವಾರ

ಚರ್ಚಿನಲ್ಲಿ ಇವತ್ತಿನ ಪ್ರಸಂಗದ ವಿಷಯ ನಂಬಿಕೆಯ ಬೆಳವಣಿಗೆ. ಸಭಾಪಾಲಕರು ಹಲಗೆಯ ಮೇಲೆ ಮೆಟ್ಟಿಲು ಬರೆದರು. ಕೆಳಗಿನ ಮೆಟ್ಟಿಲಲ್ಲಿ ಹಾಲು ಕುಡಿಯುವ ಕೂಸು, ಮೇಲಿನದರಲ್ಲಿ ಗಟ್ಟಿ ಆಹಾರ ಉಣ್ಣುವ ದೊಡ್ಡವನು. ನಂಬಿಕೆಯಲ್ಲಿ ದೊಡ್ಡವನ ಲಕ್ಷಣವೇನು? ದೂರುವುದಿಲ್ಲ, ಯಾಕೆ ಅನ್ನುವುದಿಲ್ಲ, ಬಂದದ್ದನ್ನು ಬಂದ ಹಾಗೆ ತಗೊಳ್ಳುತ್ತಾನೆ. ನನಗೆ ತಿಳಿದ ಮಟ್ಟಿಗೆ ಇದು ದೊಡ್ಡವನ ಲಕ್ಷಣವಲ್ಲ, ದಿಂಬಿನ ಲಕ್ಷಣ.

ಅತ್ತೆಗೆ ಕಣ್ಣು ಮಂಜು, ಕೈ ಹಿಡಿದು ಕರೆದುಕೊಂಡು ಹೋಗಬೇಕು. ಅದಕ್ಕೇ ನಾನು ಹೋಗುವುದು, ಬೇರೆ ಯಾವ ಭಕ್ತಿಯೂ ಇಲ್ಲ.

ಕರ್ತನ ಭೋಜನ ವರ್ಷಕ್ಕೆ ನಾಲ್ಕು ಸಲ. ಅದಕ್ಕೆ ಮುಂಚಿನ ಎರಡು ವಾರ 'ಸಮಾಧಾನದ ವಾರಗಳು'. ಯಾರಿಗೆ ಯಾರ ಮೇಲೆ ಮುನಿಸಿದೆಯೋ ಅವರು ಹೋಗಿ ಕ್ಷಮೆ ಕೇಳಿ ಕೈಕುಲುಕಬೇಕು. ಆಮೇಲೆ ದೊಡ್ಡವರೆಲ್ಲ ಒಂದೊಂದು ಚೀಟಿಗೆ ಸಹಿ ಹಾಕಬೇಕು: ನನಗೆ ಯಾರ ಮೇಲೂ ದೂರಿಲ್ಲ. ಚೀಟಿಗಳು ಸಭಾಪಾಲಕರ ಪೆಟ್ಟಿಗೆಗೆ. ಒಬ್ಬರ ಚೀಟಿ ಬರದಿದ್ದರೂ ಯಾರಿಗೂ ಭೋಜನದ ಮೇಜು ಹಾಸುವಂತಿಲ್ಲ. ಸಭೆ ಶುರು ಮಾಡಿದವರು ಬರೆದಿಟ್ಟ ನಿಯಮ. ನಲವತ್ತು ವರ್ಷದಲ್ಲಿ ಒಂದು ಸಲವೂ ಮೇಜು ನಿಂತಿಲ್ಲ ಅಂತ ಅತ್ತೆ ಹೆಮ್ಮೆಯಿಂದ ಹೇಳುತ್ತಾಳೆ.

ಹೇಗೆ ನಿಂತೀತು? ಮೇಲಿನವರು ಮನೆಯಲ್ಲಿ ಕೂತಿರುತ್ತಾರೆ, ಕೆಳಗಿನವರು ಹೋಗಿ ಕ್ಷಮೆ ಕೇಳಿ ಬರುತ್ತಾರೆ. ಕಳೆದ ಸಲ ಹೆಡ್‌ಮಾಸ್ತರರ ಮನೆ ಕೆಲಸದವಳು, ಕೆನ್ನೆಗೆ ಏಟು ತಿಂದವಳು, ಕೆನ್ನೆ ಅಡ್ಡ ತಂದದ್ದಕ್ಕೆ ಕ್ಷಮೆ ಕೇಳಿದ ಹಾಗೆ ಕೇಳಿ ಬಂದಳು. ನಾನೂ ಪ್ರತಿಸಲ ಸಹಿ ಹಾಕಿದ್ದೇನೆ. ರೊಟ್ಟಿಯ ಚೂರನ್ನು ತಲೆನೋವಿನ ಮಾತ್ರೆಯಂತೆ ನುಂಗಿ ಮನೆಗೆ ಬಂದು ನೆಲ ಒರೆಸಿದ್ದೇನೆ. ದೇವರು ಅನ್ನುವವನು ಒಬ್ಬ ಇದ್ದರೂ ನನ್ನ ಚೀಟಿ ಓದುತ್ತಾ ಕೂತಿರುತ್ತಾನೆಯೇ?

ಈ ಸಲದ ಭೋಜನ ಇಪ್ಪತ್ತೊಂದಕ್ಕೆ.

ಸೆಪ್ಟೆಂಬರ್ ೧೦, ಬುಧವಾರ

ಇವತ್ತು ಕಂಡದ್ದನ್ನು ಬರೆಯದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಪಾಳಿ ಶುರುವಾಗುವ ಮುಂಚೆ ಮೇಸ್ತ್ರಿ ನಮ್ಮನ್ನು ಹಾಜರಿ ಗಡಿಯಾರದ ಮುಂದೆ ಸಾಲಾಗಿ ನಿಲ್ಲಿಸಿದ. ಗಂಜಿ ಬಂದ. ಕೈ ಜೋಡಿಸಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಬೇಕು ಅಂದ. ಇಪ್ಪತ್ತಮೂರು ಜನಕ್ಕೆ ಸೇರಿಸಿ ಒಂದೇ ಸಲ, ಸಗಟು. ಆಮೇಲೆ ಒಬ್ಬೊಬ್ಬರೇ ಗಡಿಯಾರಕ್ಕೆ ಕಾರ್ಡು ಒತ್ತುವುದು, ಕ್ಷಮಿಸಿದ್ದೇನೆ ಸಾರ್ ಅನ್ನುವುದು, ಮೇಸ್ತ್ರಿ ಹಿಡಿದ ಚೀಟಿಗೆ ಸಹಿ ಹಾಕುವುದು. ಕಾರ್ಡು ಟಕ್, ಕ್ಷಮಿಸಿದ್ದೇನೆ ಸಾರ್. ಕಾರ್ಡು ಟಕ್, ಕ್ಷಮಿಸಿದ್ದೇನೆ ಸಾರ್. ಒಂಬತ್ತು ನಿಮಿಷದಲ್ಲಿ ಮೂರು ತಿಂಗಳ ಪಾಪ ತೊಳೆದು ಒಣಗಿಸಿ ಇಸ್ತ್ರಿ ಆಯಿತು. ಆಸ್ಪತ್ರೆಯ ಹೊದಿಕೆಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಲಾಂಡ್ರಿಗೆ ಅವನು ನಮ್ಮ ಸಭೆಯವರನ್ನೇ ತೆಗೆದುಕೊಳ್ಳುವುದು ಯಾಕೆ ಅಂತ ಇವತ್ತು ಅರ್ಥವಾಯಿತು. ಹೊರಗಿನವರು ಇಷ್ಟು ಅಗ್ಗಕ್ಕೆ ಕ್ಷಮಿಸುವುದಿಲ್ಲ.

ನನ್ನ ಸರದಿ ಬಂತು. ಕಾರ್ಡು ಒತ್ತಿದೆ. ಚೀಟಿ ತೆಗೆದುಕೊಂಡು ಮಡಚಿ ಚೀಲಕ್ಕೆ ಹಾಕಿದೆ. ಮೇಸ್ತ್ರಿ, ಹೇಳಮ್ಮಾ, ರೋಲರ್ ಕಾಯ್ತಿದೆ ಅಂದ. ಮನೆಗೆ ತಗೊಂಡು ಹೋಗಿ ಓದಿ ಹಾಕ್ತೀನಿ ಅಂದೆ. ಇರುವುದು ಒಂದೇ ಸಾಲು. ಒಂದು ಸಾಲು ಓದಲು ಮನೆಗೆ ಒಯ್ಯುವವಳನ್ನು ಗಂಜಿ ಹುಟ್ಟಿದ ಮೇಲೆ ನೋಡಿರಲಿಕ್ಕಿಲ್ಲ. ನನ್ನನ್ನು ನೋಡಲು ಸೊಂಟದಿಂದ ತಿರುಗಿದ.

ಸೆಪ್ಟೆಂಬರ್ ೧೧, ಗುರುವಾರ

ಬಲಗೈಯ ತೋರುಬೆರಳಲ್ಲಿ ನೋವು.

ಇವರಿಗೆ ಸುದ್ದಿ ಮುಟ್ಟಿದೆ. ಡ್ರೆಸ್ಸಿಂಗ್ ಬಿಚ್ಚುವಾಗ ಶುರು ಮಾಡಿದರು. ಸುಟ್ಟಿದ್ದು ನನ್ನ ಕೈ, ನಾನೇ ಬಿಟ್ಟುಕೊಟ್ಟ ಮೇಲೆ ನಿನ್ನದೇನು. ಕೈ ಸುಟ್ಟಿದ್ದು ಸಾಲದೇ, ಒಳಗೂ ಸುಟ್ಕೋಬೇಕಾ ಅಂತ. ಸಂಬಳ ಕೊಡುವವನ ಎದುರು ಕಟ್ಟಿಕೊಂಡು ಎಲ್ಲಿ ಹೋಗ್ತೀಯ ಅಂತ. ಹತ್ತಿಯನ್ನು ತಟ್ಟೆಗೆ ಹಾಕಿದೆ.

"ರೀ, ನಿಮ್ಮ ಕೈಗಾದ್ದನ್ನ ನೀವು ಕ್ಷಮಿಸಿ, ನಾನು ಬೇಡ ಅನ್ನಲ್ಲ. ನಾಳೆ ಸುಡೋ ಕೈಯ ಪರವಾಗಿ ಕ್ಷಮಿಸೋಕೆ ನೀವ್ಯಾರು?"

ಗೋಡೆ ಕಡೆ ತಿರುಗಿ ಮಲಗಿದರು. ಊಟಕ್ಕೆ ಬಾಯಿ ತೆರೆಯಲಿಲ್ಲ. ಅತ್ತೆ ಬಂದು ತಿನ್ನಿಸಿದಳು.

ಸೆಪ್ಟೆಂಬರ್ ೧೩, ಶನಿವಾರ

ಸಭಾಪಾಲಕರು ಮನೆಗೆ ಬಂದರು. ಇನ್ನೂರ ಹನ್ನೆರಡು ಚೀಟಿಯಲ್ಲಿ ಒಂದು ಬಾಕಿ ಇದೆಯಂತೆ. ಮನುಷ್ಯ ಕೆಟ್ಟವನಲ್ಲ. ಜಗಳ ಕಂಡರೆ ಹೊಟ್ಟೆನೋವು ಬರುವ ಜಾತಿ. ಇವರ ಕೈ ನೋಡಿ ಕಣ್ಣು ಒದ್ದೆ ಮಾಡಿಕೊಂಡರು, ಆಮೇಲೆ ನನ್ನ ಆತ್ಮದ ಬಗ್ಗೆ ಮಾತಾಡಿದರು. ನಿಮ್ಮ ನಂಬಿಕೆ ಇನ್ನೂ ಹಾಲು ಕುಡಿಯುವ ಕೂಸಮ್ಮಾ, ಬೆಳೆಯಬೇಕು ಅಂದರು. ಕೂಸಿಗೆ ಹಸಿವಾದರೆ ಕಿರುಚುತ್ತದೆ ಅಯ್ಯನವರೇ, ಅದೊಂದು ಕೆಲಸವನ್ನಾದರೂ ಮಾಡುತ್ತಿದ್ದೇನೆ ಅಂದೆ.

ತಂತಿಯ ವಿಷಯ ಹೇಳಿದೆ. ಅದು ಆಡಳಿತದ ವಿಷಯ, ಇದು ಹೃದಯದ ವಿಷಯ, ಎರಡನ್ನೂ ಸೇರಿಸಬೇಡಿ ಅಂದರು. ಉಗಿಗೆ ಈ ವ್ಯತ್ಯಾಸ ಗೊತ್ತಿಲ್ಲ, ಹೃದಯ ಇರುವ ಎದೆಗೇ ಬಡಿಯಿತು ಅಂದೆ. ಅತ್ತೆ ಒಳಗಿನಿಂದ ಕೆಮ್ಮಿದಳು.

ಹೊರಡುವಾಗ, ಈ ನಿಯಮ ವೇದಪುಸ್ತಕದಲ್ಲಿ ಎಲ್ಲಿದೆ ತೋರಿಸಿ ಅಂತ ಕೇಳಿದೆ. ಪುಟದಲ್ಲಿ ಕಾಗದದ ಚೂರಿಟ್ಟು ಕೊಟ್ಟರು. ಓದಿದರೆ ಮೆತ್ತಗಾಗುತ್ತಾಳೆ ಅಂದುಕೊಂಡಿರಬೇಕು ಪಾಪ.

ಸೆಪ್ಟೆಂಬರ್ ೧೬, ಮಂಗಳವಾರ

ಮೂರು ಬೆಳಗಿನಿಂದ ಬೈಬಲ್ ಓದುತ್ತಿದ್ದೇನೆ. ಎದುರಾಳಿಯ ಕಾಗದಪತ್ರ ಓದದೆ ಮಾತುಕತೆಗೆ ಹೋಗಬಾರದು ಅಂತ ಸಂಘದಲ್ಲಿ ಕಲಿಸಿದ್ದಾರೆ.

ಇವರೆಲ್ಲ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದಾರೆ. ಕಾಣಿಕೆ ಹಿಡಿದು ಬಂದವನಿಗೆ ತನ್ನ ಮೇಲೆ ಯಾರಿಗೋ ದೂರಿದೆ ಅಂತ ನೆನಪಾದರೆ, ಅವನೇ ಕಾಣಿಕೆ ಅಲ್ಲೇ ಬಿಟ್ಟು ಹೋಗಬೇಕಂತೆ. ದೂರು ಇಟ್ಟುಕೊಂಡವಳು ಓಡಬೇಕು ಅಂತ ಎಲ್ಲಿದೆ? ಇನ್ನೊಬ್ಬ ಇದ್ದಾನೆ, ಕುಳ್ಳ ಸುಂಕದವನು, ಮರ ಹತ್ತಿ ಕೂತವನು. ಅವನು ಕೆಳಗಿಳಿದು ಗೊತ್ತಿದ್ದೋ ಗೊತ್ತಿಲ್ಲದೆಯೋ ಅನ್ನಲಿಲ್ಲ. ಯಾರಿಗೆ ಮೋಸ ಮಾಡಿದ್ದೇನೋ ಅವರಿಗೆ ನಾಲ್ಕು ಪಟ್ಟು ವಾಪಸ್ ಅಂದ. ಇದನ್ನು ಹಲಗೆಯ ಮೇಲೆ ಬರೆದದ್ದು ನಾನು ನೋಡಿಲ್ಲ.

ಶಿಷ್ಯರು ಅನ್ನಿಸಿಕೊಂಡವರು ನಮ್ಮ ಸಂಘದ ಕಾರ್ಯಕಾರಿ ಸಮಿತಿಯಂತೆಯೇ ಇದ್ದಾರೆ. ಯಾರು ದೊಡ್ಡವರು ಅಂತ ಜಗಳ, ಪೊಲೀಸ್ ಬಂದರೆ ಪರಾರಿ. ಆದರೆ ಅವರ ಗುರು, ಆ ಮನುಷ್ಯ ಬೇರೆ. ಅವನಿಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷ ನನಗೆ ಕುರಿಮರಿ ಹೊತ್ತ ಚಿತ್ರವನ್ನೇ ತೋರಿಸಿದ್ದಾರೆ. ಕಳ್ಳನನ್ಮಕ್ಕಳು.

ನೀನು ಇದ್ದರೆ ಕೇಳಿಸಿಕೋ. ನನಗೆ ಸ್ವರ್ಗ ಬೇಡ, ಶಾಂತಿ ಬೇಡ. ಆ ತಂತಿ ಬಿಚ್ಚಿಸು. ಅಷ್ಟು ಕೈಲಾಗದಿದ್ದರೆ ಭಾನುವಾರ ಹಾಡಿಸಿಕೊಳ್ಳೋದು ನಿಲ್ಲಿಸು.

ಸೆಪ್ಟೆಂಬರ್ ೧೮, ಗುರುವಾರ

ಗಂಜಿಯೇ ಬಂದ. ಹಣ್ಣಿನ ಬುಟ್ಟಿ, ಬುಟ್ಟಿಗೆ ಹೊಳೆಯುವ ಕಾಗದ. ಇವರು ಏಳಲು ಹೋದರು. ಕೈ ಊರಲಾಗದೆ ಮಂಚದ ಮೇಲೆ ಒದ್ದಾಡಿದರು. ನಾನು ಎಬ್ಬಿಸಲಿಲ್ಲ. ಅತ್ತೆ ಕುರ್ಚಿ ಒರೆಸಿ ಹಾಕಿದಳು. ಅವನು ಕೂರದೆ ನಿಂತೇ, ಗೊತ್ತಿದ್ದೋ ಗೊತ್ತಿಲ್ಲದೆಯೋ ಅಂತ ಶುರು ಮಾಡಿದ.

"ಯಾವುದು ಸಾರ್? ಗೊತ್ತಿದ್ದಾ, ಗೊತ್ತಿಲ್ಲದೆಯಾ?" ಅಂದೆ.

ಅದು ಹೇಳುವ ರೀತಿ ಅಂದ. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಲು ಏನೂ ಇಲ್ಲ, ಗೊತ್ತಿದ್ದು ಮಾಡಿದ್ದರೆ ಏನು ಮಾಡಿದಿರಿ ಅಂತ ಹೇಳಿ, ನಾನು ಯಾವುದನ್ನು ಕ್ಷಮಿಸಬೇಕು ಅಂತ ನನಗೂ ತಿಳಿಯಲಿ ಅಂದೆ. ಕತ್ತು ಕೆಂಪಾಯಿತು, ಕಾಲರ್ ಇನ್ನೂ ಬಿಳಿ ಕಂಡಿತು. ನನ್ನ ಬೇಡಿಕೆ ಎರಡೇ, ಬೆರಳು ಮಡಚಿ ಹೇಳಿದೆ. ತಂತಿ ಬಿಚ್ಚಿಸಿ ಹೊಸ ವಾಲ್ವ್ ಹಾಕಿಸಬೇಕು. ಕಟ್ಟಿಸಿದ್ದು ನಾನು, ಇವರದೇನೂ ತಪ್ಪಿಲ್ಲ ಅಂತ ಇವರ ಮುಂದೆ ನಿಂತು ಹೇಳಬೇಕು. ಆಮೇಲೆ ಚೀಟಿಯ ಮಾತು.

"ಕ್ಷಮೆಗೆ ಷರತ್ತು ಹಾಕ್ತೀಯೇನಮ್ಮಾ? ಇದೇನು ಕೂಲಿ ಮಾತುಕತೆಯಾ?"

"ನೀವು ಅದನ್ನ ಹಾಜರಿ ಗಡಿಯಾರದ ಮುಂದೆ ಕೇಳಿದ್ರಿ ಸಾರ್. ನಾನು ಕೆಲಸದ್ದೇ ಅಂದ್ಕೊಂಡೆ."

ಹೋದ. ಬುಟ್ಟಿ ಬಿಟ್ಟು ಹೋದ. ಅತ್ತೆ ಹಣ್ಣು ಮುಟ್ಟಲಿಲ್ಲ, ಇವರು ಮುಟ್ಟಲಿಲ್ಲ. ನಾನು ಎರಡು ತಿಂದೆ. ಹಣ್ಣು ಏನು ಮಾಡಿತ್ತು?

ಸೆಪ್ಟೆಂಬರ್ ೧೯, ಶುಕ್ರವಾರ

ನನ್ನನ್ನು ರೋಲರಿನಿಂದ ತೆಗೆದು ಕೊಳೆ ಕೋಣೆಗೆ ಹಾಕಿದ್ದಾರೆ. ಆಸ್ಪತ್ರೆಯಿಂದ ಬಂದ ರಕ್ತ, ಕೀವು, ಮಲದ ಬಟ್ಟೆ ಬೇರ್ಪಡಿಸುವುದು. ಕಿಟಕಿಯಿಲ್ಲ. ಇದು ಗಂಜಿಯ ಕಡೆಯಿಂದ ಸಮಾಧಾನದ ವಾರ.

ಸೆಪ್ಟೆಂಬರ್ ೨೧, ಭಾನುವಾರ

ಮೇಜು ಹಾಸಿತ್ತು. ಆ ಬಿಳಿ ಬಟ್ಟೆಯನ್ನು ಹದಿನೈದು ದಿನದ ಹಿಂದೆ ಇಸ್ತ್ರಿ ಮಾಡಿದವಳು ನಾನೇ. ಅದರ ಮೇಲೆ ರೊಟ್ಟಿ, ಸಣ್ಣ ಬಟ್ಟಲುಗಳು. ಗಂಜಿ ತಟ್ಟೆ ಹಿಡಿಯಲು ಸಿದ್ಧವಾಗಿ ನಿಂತಿದ್ದ. ನಾನು ಹೆದರಿಕೊಂಡು ಕೊನೆಗಳಿಗೆಯಲ್ಲಿ ಚೀಟಿ ಹಾಕುತ್ತೇನೆ ಅಂತ ಎಲ್ಲರ ಲೆಕ್ಕಾಚಾರ.

ಸಭಾಪಾಲಕರು ಪದ್ಧತಿಯಂತೆ, ಯಾರಿಗಾದರೂ ಯಾರ ಮೇಲಾದರೂ ದೂರಿದೆಯೇ ಎಂದು ಕೇಳಿದರು. ನಲವತ್ತು ವರ್ಷದಿಂದ ಈ ಪ್ರಶ್ನೆಗೆ ಉತ್ತರ ಕೆಮ್ಮು, ಬೆಂಚಿನ ಕಿರ್ ಶಬ್ದ. ನಾನು ಎದ್ದೆ. ಕರಪತ್ರದಷ್ಟು ಮಾತು ಸಿದ್ಧ ಮಾಡಿಕೊಂಡಿದ್ದೆ. ಒಂದೂ ಬರಲಿಲ್ಲ.

"ನನಗೆ ದೂರಿದೆ" ಅಂದೆ, ಕೂತೆ.

ಸಭಾಪಾಲಕರು ಕಣ್ಣು ಮುಚ್ಚಿ ನಿಂತರು. ಕೇಳಿಸದವರಂತೆ ಮುಂದುವರಿಸುತ್ತಾರೆ ಅಂತ ನಾನು ಖಾತ್ರಿ ಮಾಡಿಕೊಂಡಿದ್ದೆ, ಅದಕ್ಕೆ ಬೈಗುಳವನ್ನೂ ಆರಿಸಿಟ್ಟಿದ್ದೆ. ಅವರು ಮೇಜಿನ ಬಟ್ಟೆಯ ಅಂಚು ಹಿಡಿದು ರೊಟ್ಟಿಯ ಮೇಲೆ ಮುಚ್ಚಿದರು. ಮುಂದಿನ ಭಾನುವಾರ ನೋಡೋಣ ಅಂದರು. ಅಷ್ಟೇ. ಹೊಟ್ಟೆನೋವಿನ ಮನುಷ್ಯನಿಗೆ ಬೆನ್ನೆಲುಬೂ ಇದೆ.

ಹೊರಗೆ ಬಂದರೆ ನನ್ನ ಸುತ್ತ ಹತ್ತು ಅಡಿ ಜಾಗ ಖಾಲಿ. ನಮ್ಮ ಬಾಯಿಗೆ ಬರೋ ರೊಟ್ಟಿ ಕಿತ್ತುಕೊಂಡಳು ಅಂತ ಒಬ್ಬಳು. ಗಂಡನೇ ಬಿಟ್ಟುಕೊಟ್ಟರೂ ಇವಳಿಗೆ ಮುಖ್ಯಮಂತ್ರಿ ಆಗಬೇಕಂತೆ ಅಂತ ಇನ್ನೊಬ್ಬ. ಮಡಿಕೆಯಕ್ಕನೂ ಮುಖ ತಿರುಗಿಸಿದಳು. ಮೂರು ತಿಂಗಳು ಕೊಳೆ ಬಟ್ಟೆ ತುಳಿದ ಹಾಗೆ ಒಬ್ಬರನ್ನೊಬ್ಬರು ತುಳಿಯುವ ಈ ಜನಕ್ಕೆ ಅರ್ಧ ಗಂಟೆ ಪವಿತ್ರರಾಗುವುದು ತಪ್ಪಿಹೋಯಿತು ಅಂತ ಎಷ್ಟು ದುಃಖ.

ಅತ್ತೆ ದಾರಿಯುದ್ದಕ್ಕೂ ನನ್ನ ಕೈ ಹಿಡಿದೇ ಬಂದಳು. ಮನೆಗೆ ಬಂದು ಬಿಳಿ ಸೀರೆ ಮಡಿಸಿಟ್ಟು ಮಲಗಿದಳು. ನಲವತ್ತು ವರ್ಷದಲ್ಲಿ ಅವಳು ತಪ್ಪಿಸಿಕೊಂಡ ಮೊದಲ ಭೋಜನ. ಇದೊಂದು ಮಾತ್ರ ನನಗೆ ಚುಚ್ಚುತ್ತಿದೆ.

ಸೆಪ್ಟೆಂಬರ್ ೨೩, ಮಂಗಳವಾರ

ಇವತ್ತು ನಾನು ಹೊರಡುವಾಗ ಅತ್ತೆ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಆ ತಂತಿ ನನಗೆ ತೋರಿಸು ಅಂದಳು.

ಗೇಟಿನ ಹೊರಗೆ ನೆರಳಲ್ಲಿ ಕೂರಿಸಿ, ಊಟದ ಬಿಡುವಿನಲ್ಲಿ ಹಿಂಬಾಗಿಲಿನಿಂದ ಕರೆದುಕೊಂಡು ಹೋದೆ. ಎಪ್ಪತ್ತೆರಡು ವರ್ಷದ ಮುದುಕಿ ಬಾಯ್ಲರಿನ ಕಬ್ಬಿಣದ ಮೆಟ್ಟಿಲು ಹತ್ತಿದಳು. ಮಗ ಎಲ್ಲಿ ನಿಂತಿದ್ದ ಅಂತ ಕೇಳಿದಳು, ಅಲ್ಲಿ ನಿಂತಳು. ಕನ್ನಡಕ ಒರೆಸಿಕೊಂಡು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಇದಾ?"

"ಇದೇ ಅತ್ತೆ."

"ಇಷ್ಟು ಸಣ್ಣದಾ?"

ಇಳಿಯುವಾಗ ಅವಳ ಕೈ ನನ್ನ ಕೈಗಿಂತ ಗಟ್ಟಿಯಾಗಿತ್ತು.

ಸೆಪ್ಟೆಂಬರ್ ೨೪, ಬುಧವಾರ

ಹೆಂಗಸರ ಪ್ರಾರ್ಥನಾ ಕೂಟ. ಒಬ್ಬೊಬ್ಬರೂ 'ವಿಜ್ಞಾಪನೆ' ಹೇಳುವುದು ರೂಢಿ. ಮಗಳ ಮದುವೆ, ಮಂಡಿನೋವು. ಅತ್ತೆ ಎದ್ದು ನಿಂತಳು. ಅವಳ ಮಂಡಿಗೆ ಸ್ತೋತ್ರ ಹೇಳಲು ಎಲ್ಲರೂ ತಯಾರಾದರು.

"ನಲವತ್ತು ವರ್ಷ ಚೀಟಿ ಹಾಕಿದೀನಿ ಕಣ್ರಮ್ಮಾ. ಒಂದನ್ನೂ ನೋಡಿ ಹಾಕಿರ್ಲಿಲ್ಲ. ನಿನ್ನೆ ಹೋಗಿ ನೋಡ್ಬಂದೆ. ರೊಟ್ಟಿ ತಪ್ಪಿಸಿದ್ದು ನನ್ನ ಸೊಸೆ ಅಲ್ಲ. ನಿಮಗೆ ಅನುಮಾನ ಇದ್ರೆ ನೀವೂ ಹೋಗಿ ನೋಡಿ, ಮೆಟ್ಟಿಲು ಏಳೇ ಇರೋದು."

ಕೂತು, ಹಾಡು ಎತ್ತಿಕೊಳ್ಳಿ ಅಂದಳು. ಯಾರೂ ಎತ್ತಿಕೊಳ್ಳಲಿಲ್ಲ. ಅವಳೇ ಶುರು ಮಾಡಿದಳು, ಶ್ರುತಿ ತಪ್ಪಿ.

ಸೆಪ್ಟೆಂಬರ್ ೨೫, ಗುರುವಾರ

ಬೆಳಗ್ಗೆ ಪಾಳಿಗೆ ಮುಂಚೆ ಇಪ್ಪತ್ತೆರಡು ಹೆಂಗಸರು ಸಭಾಪಾಲಕರ ಮನೆ ಮುಂದೆ. ನನಗೆ ಹೇಳಿರಲೇ ಇಲ್ಲ. ಅತ್ತೆ ಹೇಳಿದ ಏಳು ಮೆಟ್ಟಿಲನ್ನು ನಿನ್ನೆ ಸಂಜೆ ಕೂಟ ಮುಗಿದ ಮೇಲೆ ಒಬ್ಬರ ಹಿಂದೊಬ್ಬರು ಹತ್ತಿ ನೋಡಿದರಂತೆ. ಮಡಿಕೆಯಕ್ಕ ಮುಂದೆ ನಿಂತಿದ್ದಳಂತೆ.

"ಅಯ್ಯನವರೇ, ನಮ್ಮ ಚೀಟಿ ವಾಪಸ್ ಕೊಡಿ. ಕ್ಷಮಿಸಿದ್ದು ತಪ್ಪಾಯ್ತು, ಕ್ಷಮಿಸಿ."

ಕೊಟ್ಟ ಕ್ಷಮೆಯನ್ನು ಯಾರೂ ವಾಪಸ್ ತೆಗೆದುಕೊಂಡದ್ದಿಲ್ಲ, ನಿಯಮದಲ್ಲಿ ಅವಕಾಶವಿಲ್ಲ ಅಂದರಂತೆ ಸಭಾಪಾಲಕರು. ವಾಪಸ್ ಕೊಡಬಾರದು ಅಂತ ಇದೆಯಾ ಅಂತ ಮಡಿಕೆಯಕ್ಕ ಕೇಳಿದ್ದಾಳೆ. ನಿಯಮದ ಪುಸ್ತಕ ತಂದು ಕನ್ನಡಕ ಹಾಕಿ ನೋಡಿದರೆ ಅದೂ ಇಲ್ಲ. ಪೆಟ್ಟಿಗೆ ಹೊರಗೆ ತಂದರು. ನಮ್ಮವರು ಜಗಲಿಯ ಮೇಲೆ ಚೀಟಿ ಸುರಿದುಕೊಂಡು, ಹೋಟೆಲಿನದು ಬೇರೆ ಆಸ್ಪತ್ರೆಯದು ಬೇರೆ ಅಂತ ಬಟ್ಟೆ ಬೇರ್ಪಡಿಸುವ ಕೈಯಲ್ಲೇ, ಐದು ನಿಮಿಷದಲ್ಲಿ ಇಪ್ಪತ್ತೆರಡನ್ನು ಹೆಕ್ಕಿದರಂತೆ.

ಹತ್ತು ವರ್ಷ ಸಂಘ ಕಟ್ಟಿದೆ. ಒಂದು ದಿನ ಒಂದು ರೋಲರ್ ನಿಲ್ಲಿಸಲಾಗಲಿಲ್ಲ. ಈಗ ನೋಡಿದರೆ ಮುಷ್ಕರಕ್ಕೆ ಇಳಿದದ್ದು ಕ್ಷಮೆ! ಕೊಳೆ ಕೋಣೆಯಲ್ಲಿ ಒಬ್ಬಳೇ ನಿಂತು ನಕ್ಕೆ, ಕೈಯಲ್ಲಿ ಯಾರದೋ ರಕ್ತದ ಹೊದಿಕೆ. "ನೋಡಿದ್ಯಾ?" ಅಂತ ಬಾಯಿಬಿಟ್ಟೇ ಅಂದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಆ ಕೋಣೆಯ ವಾಸನೆಗೆ ತಲೆ ತಿರುಗುತ್ತದೆ, ಏನೇನೋ ಬಡಬಡಿಸುತ್ತೇನೆ.

ಸೆಪ್ಟೆಂಬರ್ ೨೬, ಶುಕ್ರವಾರ

ಇಪ್ಪತ್ತಮೂರು ಚೀಟಿ ಬಾಕಿ ಇಟ್ಟುಕೊಂಡು ಗಂಜಿ ತಟ್ಟೆ ಹಿಡಿಯುವುದು ಹೇಗೆ? ತಂತಿ ಹೋಯಿತು. ಹೊಸ ವಾಲ್ವ್ ಬಂತು. ಹನ್ನೊಂದು ಗಂಟೆಗೆ ಅದು ತೆರೆದುಕೊಂಡು ಭುಸ್ಸೆಂದಿತು, ಎಲ್ಲರೂ ಬೆಚ್ಚಿದರು, ಆಮೇಲೆ ನಕ್ಕರು. ರೋಲರ್ ಎಂಟು ನಿಮಿಷ ತಣ್ಣಗಾಯಿತು. ಎಂಟು ನಿಮಿಷ. ಇಷ್ಟಕ್ಕೆ ಎರಡು ಕೈ.

ಸೆಪ್ಟೆಂಬರ್ ೨೭, ಶನಿವಾರ

ಎಡಗೈ: ವಾಸಿ. ಬಲಗೈ: ಹಾಗೇ.

ಗಂಜಿ ಬಂದ. ಬುಟ್ಟಿಯಿಲ್ಲ. ಇವರ ಮಂಚದ ಮುಂದೆ ನಿಂತ, ಗೋಡೆ ನೋಡುತ್ತಾ ಶುರು ಮಾಡಿದವನು ಕೊನೆಗೆ ಇವರನ್ನು ನೋಡಿದ.

"ತಂತಿ ಕಟ್ಟಿಸಿದ್ದು ನಾನು. ಬೇಡ ಅಂತ ನೀನು ಎರಡು ಸಲ ಹೇಳಿದ್ದೆ. ಆಸ್ಪತ್ರೆ ಕಾಗದದಲ್ಲಿ ಬರೆಸಿದ್ದು ಸುಳ್ಳು. ತಿದ್ದಿಸ್ತೀನಿ."

ಎರಡು ಸಲ ಹೇಳಿದ್ದರು ಅಂತ ಇವರು ನನಗೆ ಹೇಳಿರಲಿಲ್ಲ. ಅಳುತ್ತಿದ್ದರು, ಕಣ್ಣು ಒರೆಸಿಕೊಳ್ಳಲು ಕೈ ಬಾರದು. ಅತ್ತೆ ಒರೆಸಿದಳು. ಆಮೇಲೆ ಮೂವರೂ ನನ್ನ ಕಡೆ ನೋಡಿದರು.

ನಾನು ಕೇಳಿದ್ದೆಲ್ಲ ಸಿಕ್ಕಿತ್ತು. ಇನ್ನು ನಾನು ಕೊಡಬೇಕು. ಬಾಯಿ ತೆರೆದೆ. ಒಳಗೆ ನೋಡಿದರೆ ಏನೂ ಇಲ್ಲ. ಅವನ ಕತ್ತಿನ ಮೇಲೆ ಕುದಿಯುವ ನೀರು ಹೊಯ್ಯುವ ಆಸೆ ಇದೆ, ಅಷ್ಟೇ ಇದೆ. ಇವತ್ತು ಸಹಿ ಹಾಕಿದರೆ ನನ್ನ ಚೀಟಿಯೂ ಆ ಇನ್ನೂರ ಹನ್ನೊಂದರ ಜಾತಿಯದೇ.

"ನೀವು ಮಾಡಬೇಕಾದ್ದು ಮಾಡಿದ್ರಿ ಸಾರ್. ನನ್ನ ಕೈಲಿ ಇವತ್ತು ಆಗ್ತಿಲ್ಲ. ಮತ್ತೆ ಬನ್ನಿ."

ಸೆಪ್ಟೆಂಬರ್ ೨೮, ಭಾನುವಾರ

ಬೆಳಗ್ಗೆಯೇ ಸಭಾಪಾಲಕರ ಮನೆಗೆ ಹೋಗಿ ಹೇಳಿದೆ: ಮೇಜು ಹಾಸಿ, ಅವರು ಬಂದು ನಿಜ ಹೇಳಿದ್ದಾರೆ, ಉಳಿದಿರುವುದು ನನ್ನ ಕಡೆಯದು, ಅದಕ್ಕೆ ಸಭೆಯನ್ನು ಉಪವಾಸ ಕೆಡವಬೇಡಿ. ದೂರಿದ್ದವಳೇ ಬಂದು ಕೇಳಿದ ಮೇಲೆ ನಿಯಮದ ಪುಸ್ತಕ ಮುಚ್ಚಿಟ್ಟು ಒಪ್ಪಿದರು. ನಮ್ಮವರೂ ಚೀಟಿ ಮತ್ತೆ ಹಾಕಿದರು, ಈ ಸಲ ಗಡಿಯಾರವಿಲ್ಲದೆ.

ತಟ್ಟೆ ನಮ್ಮ ಬೆಂಚಿಗೆ ಬಂತು, ಹಿಡಿದವನು ಅವನೇ. ಅತ್ತೆ ತೆಗೆದುಕೊಂಡಳು. ನಾನು ಪಕ್ಕದವಳಿಗೆ ದಾಟಿಸಿದೆ. ತಿನ್ನಬಹುದಲ್ಲಮ್ಮಾ, ಯಾರೂ ತಡೆಯುವುದಿಲ್ಲ ಅಂತ ಆಮೇಲೆ ಸಭಾಪಾಲಕರು ಅಂದರು. ಗೊತ್ತು, ಯಾರೂ ತಡೆಯುವುದಿಲ್ಲ. ಆದರೆ ಇನ್ನೂ ಆಗಿಲ್ಲವಲ್ಲ, ಹೇಗೆ ತಿನ್ನಲಿ. ಈ ಸರಳ ವಿಷಯ ಅವರಿಗೆ ತಿಳಿಯುವುದಿಲ್ಲ. ಅವರು ಹೇಳಿದ ಮೆಟ್ಟಿಲಲ್ಲಿ ನಾನು ಇನ್ನೂ ಕೂಸೇ ಇರಬೇಕು.

ಸೆಪ್ಟೆಂಬರ್ ೩೦, ಮಂಗಳವಾರ

ಸಂಜೆ ಗಂಜಿ ಬಂದ. ನಿನ್ನೆಯೂ ಬಂದಿದ್ದ. ಇಲ್ಲ ಅಂದೆ. ಹೋದ.

ಅಕ್ಟೋಬರ್ ೨, ಗುರುವಾರ

ಬಲಗೈ: ಹಾಗೇ.

ಬಾಗಿಲಲ್ಲಿ ನಿಂತು, "ಇವತ್ತು?" ಅಂತ ಕೇಳಿದ. ಹೊದಿಕೆಯನ್ನು ಬೆಳಕಿಗೆ ಹಿಡಿದು ಕಲೆ ಹುಡುಕುವ ಹಾಗೆ ನನ್ನೊಳಗೆ ನೋಡಿಕೊಂಡೆ. ಇದೆ. ಸ್ವಲ್ಪ ಮಾಸಿರಬಹುದು, ಹೋಗಿಲ್ಲ. ಇಲ್ಲ ಸಾರ್ ಅಂದೆ. ತಲೆಯಾಡಿಸಿ ಹೋದ.

ವಯಸ್ಸಾದವನನ್ನು ಎಷ್ಟು ದಿನ ನಡೆಸ್ತೀಯ ಅಂತ ಇವರು ಗದರಿದರು. ನಾನು ಆಟ ಆಡಿಸುತ್ತಿಲ್ಲ. ಬಾಯಲ್ಲಿ ಹೇಳಿ ಮುಗಿಸುವುದಾದರೆ ಅವತ್ತೇ ಕಾರ್ಡು ಒತ್ತುವಾಗ ಹೇಳುತ್ತಿದ್ದೆ. ಐದು ದಿನದಿಂದ ಎದ್ದ ಕೂಡಲೇ ನಿನ್ನನ್ನು ಕೇಳುತ್ತಿದ್ದೇನೆ, ಕೊಡು, ಅದೊಂದನ್ನು ಕೊಡು ಅಂತ. ಕೊಟ್ಟಿಲ್ಲ. ತಂತಿ ಬಿಚ್ಚಿಸಲು ನೀನು ಹತ್ತು ದಿನ ತಗೊಂಡೆ, ನನ್ನನ್ನು ಬಿಚ್ಚಲು ಇನ್ನೆಷ್ಟು ತಗೋತೀಯೋ. ನಿಧಾನಸ್ಥ.

ನಾಳೆಯೂ ಬರಲಿ ಅವನು. ಕಾಲೇನೂ ಸುಟ್ಟಿಲ್ಲವಲ್ಲ.